ಒಂದೇ ಗಡ್ಡೆಯ ಕೆರೆ

ಹೆದರುವುದರಲ್ಲಿ ನನಗೆ ಮೊದಲಿನಿಂದಲೂ ಹೆಸರಿತ್ತು. ಬಸ್ಸಿನಲ್ಲಿ ಮುಂದೆ ಕೂತರೆ ಎದುರಿನ ಲಾರಿ ಕಾಣುತ್ತದೆಂದು ಹೆದರುತ್ತಿದ್ದೆ, ಹಿಂದೆ ಕೂತರೆ ಕಾಣುವುದಿಲ್ಲವೆಂದು ಹೆದರುತ್ತಿದ್ದೆ. ಮನೆಯಲ್ಲಿ ಯಾರಾದರೂ ಕೆಮ್ಮಿದರೆ ನಾನು ಕ್ಷಯದ ತನಕ ಹೋಗಿ ಬರುತ್ತಿದ್ದೆ. ಹಾನಗಲ್ಲಿನ ಕಾಲೇಜಿನಲ್ಲಿ ಸಸ್ಯಶಾಸ್ತ್ರ ಕಲಿಸುವ ಕೆಲಸ ಸಿಕ್ಕ ದಿನ ಅವ್ವ ಓಣಿಗೆಲ್ಲ ಸಕ್ಕರೆ ಹಂಚಿದರೆ, ನಾನು ಈ ಕಾಲೇಜು ಮುಚ್ಚಿಹೋದರೆ ಮುಂದೇನು ಎಂದು ಮೂಲೆ ಹಿಡಿದು ಕೂತಿದ್ದೆ. ಹೀಗೆ ಎಲ್ಲದಕ್ಕೂ ಹೆದರುವವನಿಗೆ ಆಗುವ ನಷ್ಟ ಒಂದೇ. ನಿಜವಾಗಿ ಹೆದರಬೇಕಾದದ್ದು ಬಂದಾಗ ಅವನ ಮಾತನ್ನು ಯಾರೂ ಕಿವಿಗೆ ಹಾಕಿಕೊಳ್ಳುವುದಿಲ್ಲ. ನನ್ನ ಪಾಲಿಗೆ ಅದು ಬಂದದ್ದು ಎಪ್ಪತ್ತರ ದಶಕ ಮುಗಿಯುವ ಹೊತ್ತಿಗೆ.

ಮೊದಲು ಮನೆಯ ಮಾತು ಹೇಳಿಬಿಡುತ್ತೇನೆ. ನಾನು ಮದುವೆಯಾದದ್ದು ಸ್ವಂತ ಅಕ್ಕನ ಮಗಳನ್ನು. ನಮ್ಮ ಕಡೆ ಇದು ಸುದ್ದಿಯೇ ಅಲ್ಲ. ಅಕ್ಕನಿಗೆ ಹೆಣ್ಣು ಹುಟ್ಟಿದರೆ ಅದು ತಮ್ಮನದು ಎಂದು ತೊಟ್ಟಿಲಿಗೆ ಹಾಕುವಾಗಲೇ ನಿಶ್ಚಯವಾಗಿರುತ್ತದೆ. ನಮ್ಮ ಅವ್ವನನ್ನೂ ಅವಳ ಸೋದರಮಾವನಿಗೇ ಕೊಟ್ಟಿದ್ದರು. ಅಕ್ಕನ ಊರು ಸವಣೂರ ತಾಲೂಕಿನಲ್ಲಿ, ಯಲವಿಗಿ ಸ್ಟೇಷನ್ನಿನಿಂದ ಚಕ್ಕಡಿಯಲ್ಲಿ ಹೋಗುವ ದಾರಿ. ಅಲ್ಲಿ ಬೆಳೆದ ಹುಡುಗಿ ಮಾತು ಕಲಿತಾಗಿನಿಂದ ನನ್ನನ್ನು ಮಾಮಾ ಎನ್ನುತ್ತಿದ್ದಳು, ತಾಳಿ ಕಟ್ಟಿಸಿಕೊಂಡ ಮೇಲೂ ಮಾಮಾ ಎಂದೇ ಕರೆದಳು. ಅಕ್ಕ ನನಗೆ ಅತ್ತೆಯಾದಳು. ಅವ್ವ ನನ್ನ ಹೆಂಡತಿಗೆ ಅತ್ತೆಯೂ ಆದಳು, ಅಜ್ಜಿಯಾಗಿಯೂ ಉಳಿದಳು. ಪಂಚಮಿ ಹಬ್ಬಕ್ಕೆ ತಾಯಿ ಮಗಳಲ್ಲಿ ಯಾರು ಯಾರ ತವರಿಗೆ ಹೋಗಬೇಕು ಎಂಬುದನ್ನು ತೀರ್ಮಾನಿಸುವುದರೊಳಗೆ ಉಂಡಿ ಹಳಸುತ್ತಿದ್ದವು.

ನಮ್ಮ ಮೊದಲನೆಯ ಕೂಸು ಹೆಣ್ಣು. ದೀಪ ಆಚೀಚೆ ಸರಿಸಿದರೆ ಕಣ್ಣು ಅದರ ಹಿಂದೆ ಹೋಗುತ್ತಿತ್ತು, ಕರೆದರೆ ಬಾಯಿ ತುಂಬ ನಗುತ್ತಿತ್ತು. ಆದರೆ ಕುತ್ತಿಗೆ ನಿಲ್ಲಲಿಲ್ಲ. ಕಾಲು ಬಡಿಯಲಿಲ್ಲ. ಮುಖ ದಿನದಿನಕ್ಕೆ ಜಾಣವಾಗುತ್ತ ಹೋಯಿತು, ಮೈ ಅದರ ಜೊತೆಗೆ ಬರಲಿಲ್ಲ. ಹುಬ್ಬಳ್ಳಿಯಲ್ಲಿ ಮಕ್ಕಳ ಡಾಕ್ಟರೊಬ್ಬರಿಗೆ ತೋರಿಸಿದೆವು. ಅವರು ಕೂಸಿನ ಮೊಣಕಾಲಿಗೆ ಮೆಲ್ಲಗೆ ತಟ್ಟಿ ನೋಡಿದರು, ನಾಲಿಗೆ ನೋಡಿದರು, ಆಮೇಲೆ ನಮ್ಮ ಕಡೆ ತಿರುಗಿ ಕೇಳಿದರು.

"ಸಂಬಂಧದಾಗ ಲಗ್ನ ಆಗೀರೇನು?"

ನಾನು ಬಾಯಿ ತೆರೆಯುವ ಮೊದಲೇ ಅವ್ವ ಹೇಳಿದಳು. "ಮನ್ಯಾಗಿನ ಹುಡುಗಿನ ಅದಾಳ್ರಿ. ಹೊರಗಿಂದ ತಂದಾಕಿ ಅಲ್ಲ."

ಒಳ್ಳೆಯ ಅಂಗಡಿಯ ಸೀರೆ ತೋರಿಸುವವಳ ದನಿ ಅದು. ಡಾಕ್ಟರು ನನ್ನ ಉದ್ಯೋಗ ಕೇಳಿದರು. ಸಸ್ಯಶಾಸ್ತ್ರ ಎಂದೆ. ಅವರು, ಹಾಗಾದರೆ ನಿಮಗೆ ಬಿಡಿಸಿ ಹೇಳಬೇಕಾಗಿಲ್ಲ ಎಂದರು. ವರ್ಷ ತುಂಬುವ ಮೊದಲೇ ಕೂಸು ಹೋಯಿತು.

ಆ ಮೇಲೆ ನಾನು ಪಿಎಚ್‌.ಡಿ.ಗೆ ಸೇರಿದೆ. ದುಃಖ ಮರೆಯಲು ಎಂದು ಜನ ತಿಳಿದರು. ಅಷ್ಟು ದೊಡ್ಡ ಕಾರಣವೇನಿರಲಿಲ್ಲ, ಪಿಎಚ್‌.ಡಿ. ಇಲ್ಲದವರನ್ನು ತೆಗೆದುಹಾಕುತ್ತಾರೆಂದು ಯಾರೋ ಹೇಳಿದ್ದರು, ನಾನು ಹೆದರಿದ್ದೆ. ಧಾರವಾಡದಲ್ಲಿದ್ದ ನನ್ನ ಗೈಡು ಒಂದು ನೀರುಗಿಡವನ್ನು ನನಗೆ ಕೊಟ್ಟರು. ಅದು ಹಾನಗಲ್, ಶಿಗ್ಗಾವಿ, ಸವಣೂರ, ಹಿರೇಕೆರೂರ ತಾಲೂಕುಗಳ ಬೆರಳೆಣಿಕೆಯ ಕೆರೆಗಳಲ್ಲಿ ಬಿಟ್ಟರೆ ಬೇರೆಲ್ಲೂ ಸರಿಯಾಗಿ ಕಾಣದ ಗಿಡ. ಮಳೆಗಾಲದಲ್ಲಿ ಉದ್ದನೆಯ ಎಲೆಗಳನ್ನು ನೀರ ಮೇಲೆ ತೇಲಿಬಿಟ್ಟು, ಕವಲೊಡೆದ ಒಂದು ಕಡ್ಡಿಯ ತುಂಬ ಬಿಳಿ ಹೂ ಹಿಡಿಯುತ್ತದೆ. ಬೇಸಿಗೆಯಲ್ಲಿ ಎಲೆಯೆಲ್ಲ ಹೋಗಿ ಕೆಸರಿನಡಿಯ ಗಡ್ಡೆಯಾಗಿ ಮಲಗುತ್ತದೆ. ಜನ ಅದನ್ನು ಕೆರೆಗಡ್ಡೆ ಎನ್ನುತ್ತಿದ್ದರು, ಕುದಿಸಿ ಉಪ್ಪು ಹಾಕಿಕೊಂಡು ತಿನ್ನುತ್ತಿದ್ದರು. ನನ್ನ ಕೆಲಸ, ಒಂದು ಕೆರೆಯಲ್ಲಿನ ಗಿಡಗಳು ಒಂದರಿಂದೊಂದು ಎಷ್ಟು ಬೇರೆ, ಕೆರೆಯಿಂದ ಕೆರೆಗೆ ಎಷ್ಟು ಬೇರೆ ಎಂದು ನೋಡುವುದು. ಕಣ್ಣಿಗೆ ಎಲ್ಲವೂ ಒಂದೇ ಥರ ಕಾಣುತ್ತವೆ. ಆದ್ದರಿಂದ ಎಲೆ ಅರೆದು ರಸ ತೆಗೆದು, ಗಂಜಿಯಂತೆ ಕಾಸಿ ಗಟ್ಟಿ ಮಾಡಿದ ಪಿಷ್ಟದ ಹಾಳೆಯೊಳಗೆ ಅದನ್ನು ಕರೆಂಟಿನಿಂದ ಓಡಿಸಬೇಕು, ಬಣ್ಣ ಹಾಕಬೇಕು. ಆಗ ಗೆರೆಗಳು ಮೂಡುತ್ತವೆ. ಗಿಡದೊಳಗಿನ ವಂಶದ ಗುಣ ಬೇರೆಯಾದರೆ ಗೆರೆಯ ಜಾಗವೂ ಬೇರೆ. ಎಲೆ ಬಾಡಿದರೆ ಎಲ್ಲ ಹಾಳು. ನಾನು ಹಾನಗಲ್ಲಿನ ಐಸ್‌ಕ್ಯಾಂಡಿ ಅಂಗಡಿಯಿಂದ ಬರ್ಫಿನ ತುಂಡು ಬೇಡಿ ತಂದು, ದೊಡ್ಡ ಬಾಯಿಯ ಫ್ಲಾಸ್ಕಿನಲ್ಲಿ ಎಲೆ ತುಂಬಿಕೊಂಡು, ಬಸ್ಸೋ ರೈಲೋ ಸಿಕ್ಕಿದ್ದನ್ನು ಹಿಡಿದು ಧಾರವಾಡಕ್ಕೆ ಓಡುತ್ತಿದ್ದೆ. ದಾರಿಯುದ್ದಕ್ಕೂ ಮುಚ್ಚಳ ತೆಗೆದು ಬರ್ಫು ಕರಗಿದೆಯೇ ಎಂದು ನೋಡುತ್ತಿದ್ದೆ. ಹಾಗೆ ನೋಡಿ ನೋಡಿಯೇ ಅದು ಕರಗುತ್ತಿತ್ತು.

ಸವಣೂರ ಕಡೆಯ ಕೆರೆ, ಅಂದರೆ ಅಕ್ಕನ ಊರಿನ ಆಚೆಯ ಕೆರೆ, ಅಕ್ಕಿಆಲೂರಿನ ಸಂತೆಯಂತಿತ್ತು. ಒಂದು ಗಿಡದ ಗೆರೆ ಇನ್ನೊಂದಕ್ಕೆ ಹೊಂದುತ್ತಿರಲಿಲ್ಲ. ಹಾನಗಲ್, ಶಿಗ್ಗಾವಿಯ ಕೆರೆಗಳು ತಕ್ಕಮಟ್ಟಿಗೆ. ಹಿರೇಕೆರೂರ ಕಡೆಯ ಕೆರೆ ಮಾತ್ರ ಬೇರೆಯೇ ಆಟ ಹೂಡಿತು. ಏರಿಯ ಈ ತುದಿಯಿಂದ ಆ ತುದಿಯ ತನಕ ಎಲ್ಲಿಂದ ಎಲೆ ತಂದರೂ ಅದೇ ಗೆರೆಗಳು, ಅದೇ ಜಾಗ. ಒಂದೇ ಎಲೆಯನ್ನು ಹರಿದು ಎಲ್ಲ ಸೀಸೆಗೂ ತುಂಬಿದ್ದೀರಾ ಎಂದು ಗೈಡು ಗದರಿದರು. ಮತ್ತೆ ಹೋದೆ, ಮತ್ತೆ ತಂದೆ, ಮತ್ತೆ ಅದೇ ಬಂತು. ಕೆರೆಯ ತುಂಬ ಹರಡಿದ್ದ ಅಷ್ಟೂ ಗಿಡ ಲೆಕ್ಕಕ್ಕೆ ಒಂದೇ ಗಿಡವಾಗಿತ್ತು.

ಯಾಕೆಂದು ತಿಳಿದದ್ದು ಆ ಊರಿನ ಹಿರಿಯರೊಬ್ಬರಿಂದ. ಕೆರೆಯ ಪೂಜೆ, ಹೂಳು, ನೀರು ಬಿಡುವುದು ಎಲ್ಲ ಅವರ ಮನೆತನದ ಉಸ್ತುವಾರಿ. ಯುಗಾದಿಗೆ ಮುಂಚೆ ನೀರು ಹಿಂದೆ ಸರಿದಾಗ ಇಡೀ ಊರು ಗಡ್ಡೆ ಕೀಳುತ್ತದಂತೆ. ಅದರಲ್ಲಿ ಎಲ್ಲಕ್ಕೂ ದೊಡ್ಡದನ್ನು ಆರಿಸಿ ಏರಿಯ ಮೇಲಿನ ಗಂಗವ್ವನ ಕಲ್ಲಿನ ಮುಂದೆ ಇಟ್ಟು ಪೂಜೆ ಮಾಡಿ, ಅದನ್ನು ಹೋಳು ಮಾಡಿ ಮನೆಗೊಂದರಂತೆ ಹಂಚಿ, ಅದೇ ಹೋಳುಗಳನ್ನು ಕೆಸರಿಗೆ ಊರುತ್ತಾರಂತೆ. ಉಳಿದದ್ದೆಲ್ಲ ಹೊಟ್ಟೆಗೆ. ಅಂದರೆ ಎಷ್ಟೋ ತಲೆಮಾರಿನಿಂದ ಒಂದೇ ಗಡ್ಡೆಯ ಮೈ ಮುರಿದು ಕೆರೆ ತುಂಬಿಸಿದ್ದರು. ಈ ಗಿಡ ತನ್ನದೇ ಪರಾಗವನ್ನು ಒಪ್ಪುವುದಿಲ್ಲ, ಅದರಿಂದ ಅಲ್ಲಿ ಹೂವಿತ್ತೇ ಹೊರತು ಬೀಜವಿರಲಿಲ್ಲ.

"ನಮ್ಮ ಕೆರ್ಯಾಗ ಕಂಡವರ ಗಡ್ಡಿ ಒಂದೂ ಬಿದ್ದಿಲ್ರಿ ಸರ" ಎಂದರು ಹಿರಿಯರು. "ಮುತ್ಯಾನ ಕಾಲದಿಂದ ಇದ ತಳಿ."

ಆ ದನಿಯನ್ನು ನಾನು ಹುಬ್ಬಳ್ಳಿಯ ದವಾಖಾನೆಯಲ್ಲಿ ಕೇಳಿದ್ದೆ. ಮನೆಯಲ್ಲಿ ಹೆಂಡತಿ ಮತ್ತೆ ಬಸಿರಿಯಾಗಿದ್ದಳು.

ಗೆರೆಗಳ ಫೋಟೋಗಳನ್ನು ನಾನು ಮನೆಗೆ ತಂದು ಜಗಲಿಯ ಮೇಲೆ ಹರಡಿಕೊಂಡು ಕೂರುತ್ತಿದ್ದೆ. ಒಂದು ಮಧ್ಯಾಹ್ನ ಅವಳು ಮೊರದಲ್ಲಿ ಅಕ್ಕಿ ಹಸನು ಮಾಡುತ್ತ ಪಕ್ಕಕ್ಕೆ ಬಂದು ಕೂತಳು. ಎಸ್‌.ಎಸ್‌.ಎಲ್‌.ಸಿ. ಪಾಸಾದವಳು, ವಿಜ್ಞಾನದಲ್ಲಿ ನನಗಿಂತ ಚಲೋ ಅಂಕ. ಯಾವುದು ಯಾವ ಕೆರೆ ಎಂದು ಕೇಳಿದಳು, ಹೇಳಿದೆ. ಹಿರೇಕೆರೂರಿನ ಫೋಟೋವನ್ನು ಬಹಳ ಹೊತ್ತು ಕೈಯಲ್ಲಿ ಹಿಡಿದಿದ್ದಳು.

"ಮಾಮಾ, ಇದರಾಗ ನಮ್ಮಿಬ್ಬರ ರಕ್ತಾ ಹಾಕಿ ನೋಡಾಕ ಬರ್ತೈತೇನ್ರಿ?"

ಬರುವುದಿಲ್ಲ ಎಂದೆ. ಯಾವ ಗೆರೆ ನೋಡಬೇಕೆಂಬುದೇ ಯಾರಿಗೂ ಗೊತ್ತಿಲ್ಲ, ಇದೆಲ್ಲ ಗಿಡಕ್ಕಷ್ಟೇ ಎಂದೆ.

"ಗಿಡಕ್ಕರ ಕೇಳವರು ಅದಾರ ಬಿಡ್ರಿ" ಎಂದಳು. ಆಮೇಲೆ, ಕೂಸಿಗೆ ಆದದ್ದು ಯಾಕೆ ಆಯಿತೆಂದು ಸರಿಯಾಗಿ ಹೇಳಿರಿ ಎಂದು ಕೇಳಿದಳು. ನಾನು ಹೇಳಿದೆ. ಒಂದು ಕೆಟ್ಟ ಗುಣ ಇಬ್ಬರೊಳಗೂ ಅಡಗಿ ಕೂತಿರಬಹುದು. ಒಬ್ಬರಿಂದಷ್ಟೇ ಬಂದರೆ ಏನೂ ಆಗುವುದಿಲ್ಲ, ಇಬ್ಬರಿಂದಲೂ ಬಂದರೆ ಆಗುತ್ತದೆ. ಒಂದೇ ಮನೆಯವರಾದರೆ ಅದೇ ಗುಣ ಇಬ್ಬರಲ್ಲೂ ಇರುವುದು ಹೆಚ್ಚು. ಇಬ್ಬರಲ್ಲೂ ಇದ್ದರೆ ನಾಲ್ಕರಲ್ಲಿ ಒಂದು ಪಾಲು ಹಾಗಾಗಬಹುದು.

ಅವಳು ಅಕ್ಕಿಯಲ್ಲಿ ಬೆರಳಾಡಿಸುತ್ತ ಯೋಚಿಸಿದಳು. "ನಾಲ್ಕರಾಗ ಒಂದಂದ್ರ, ಆ ಒಂದು ಆಗಿ ಹೋತಲ್ರಿ?"

ಕ್ಲಾಸಿನಲ್ಲಿ ಹುಡುಗರು ಪ್ರತಿ ವರ್ಷ ಮಾಡುವ ತಪ್ಪು ಅದು. ನಾನು ಪ್ರತಿ ವರ್ಷ ಬೋರ್ಡಿನ ಮೇಲೆ ತಿದ್ದುತ್ತಿದ್ದೆ. ಹಾಗಲ್ಲ, ಪ್ರತಿ ಕೂಸಿಗೂ ಲೆಕ್ಕ ಹೊಸದಾಗಿಯೇ ಶುರುವಾಗುತ್ತದೆ ಎಂದು ಅವಳಿಗೆ ಹೇಳುವಾಗ ನನ್ನ ದನಿ ಕ್ಲಾಸಿನ ದನಿಯಾಗಿಯೇ ಬಂತು, ಬೇರೆ ದನಿ ಎಲ್ಲಿಂದ ತರಲಿ. ಅವಳು ಹಸನಾಗಿದ್ದ ಅಕ್ಕಿಯನ್ನೇ ಮತ್ತೊಮ್ಮೆ ಕೇರಿದಳು.

ಶ್ರಾವಣದಲ್ಲಿ ಅಕ್ಕ ಪಂಚಮಿಗೆ ತವರಿಗೆ ಬಂದಳು. ಉಂಡಿಯ ಡಬ್ಬಿಯ ಜೊತೆ ಒಂದು ಮಾತನ್ನೂ ತಂದಿದ್ದಳು. ಅವಳ ಎರಡನೆಯ ಮಗಳನ್ನು ನನ್ನ ತಮ್ಮನಿಗೆ ಮಾಡಿಕೊಳ್ಳುವುದು. ಅಕ್ಕತಂಗಿ ಒಂದೇ ಮನೆ ಸೇರಿದರೆ ಜಗಳವಿಲ್ಲ, ವಾರಗಿತ್ತಿಯರ ಕಾಟವಿಲ್ಲ ಎಂದಳು. ಅವ್ವನಿಗೆ ಹಬ್ಬದ ಮೇಲೆ ಹಬ್ಬವಾಯಿತು. ನಾನು ಧೈರ್ಯ ಮಾಡಿ, ಬೇಡ, ಹೊರಗೆ ನೋಡೋಣ ಎಂದೆ. ಮೊದಲ ಕೂಸಿನ ಮಾತೆತ್ತಿದೆ. ಕೆರೆಗಡ್ಡೆಯ ಕಥೆಯನ್ನೂ ಬಿಡಿಸಿ ಹೇಳಿದೆ, ಅದು ನನ್ನ ದಡ್ಡತನ. ಅಕ್ಕ ಸೆರಗು ಬಾಯಿಗಿಟ್ಟು ನಕ್ಕಳು.

"ಏ ತಮ್ಮಾ, ನೀ ಫ್ಯಾನ್ ತಲಿ ಮ್ಯಾಲೆ ಬೀಳತೈತಂತ ಗ್ವಾಡಿಗೆ ಅಂಟ್ಕೊಂಡು ಮಲಗವ. ನಿನ್ನ ಮಾತು ಕೇಳಿ ಸಂಸಾರ ಮಾಡಾಕ ಆಕ್ಕೈತೇನು?"

ಅವ್ವ ಅದಕ್ಕೆ ಸೇರಿಸಿದಳು. ಸಣ್ಣವನಿದ್ದಾಗ ನಾನು ಹಲ್ಲು ಬಿದ್ದದ್ದಕ್ಕೆ ಸತ್ತುಹೋಗುತ್ತೇನೆಂದು ಅತ್ತ ಕಥೆ. ಎಲ್ಲರೂ ನಕ್ಕರು. ಹೆಂಡತಿ ಒಲೆಯ ಮುಂದೆ ಬೆನ್ನು ಮಾಡಿ ಕೂತಿದ್ದಳು, ನಕ್ಕಳೋ ಇಲ್ಲವೋ ನನಗೆ ಕಾಣಲಿಲ್ಲ. ಆಕೆಯ ಹೆರಿಗೆಯಾಗಲಿ, ಕೂಸು ಐದು ತಿಂಗಳದ್ದಾಗಲಿ, ಮುಂದಿನ ಬೇಸಿಗೆಯಲ್ಲಿ ಲಗ್ನ ಎಂದು ಮಾತಾಯಿತು.

ಅದೇ ಮಳೆಗಾಲದಲ್ಲಿ ಕೆರೆಗಳಿಗೆ ರೋಗ ಬಿತ್ತು. ಎಲೆಯ ಮೇಲೆ ಮೊದಲು ಕಂದು ಚುಕ್ಕೆ, ಆಮೇಲೆ ದಂಟು ಕೊಳೆತು ಗಡ್ಡೆ ಅಂಬಲಿಯಾಗುತ್ತಿತ್ತು. ನಾನೇ ಚಪ್ಪಲಿಯ ಕೆಸರಿನಲ್ಲಿ ಒಂದು ಕೆರೆಯಿಂದ ಇನ್ನೊಂದಕ್ಕೆ ಒಯ್ದೆನೋ ಎಂದು ನಿದ್ದೆಗೆಟ್ಟೆ. ಕೊಕ್ಕರೆಗಳು ನಿಮ್ಮ ಪರವಾನಗಿ ಕೇಳಿ ಹಾರುವುದಿಲ್ಲ ಎಂದು ಗೈಡು ಸಮಾಧಾನ ಹೇಳಿದರು. ಸವಣೂರ ಕಡೆಯ ಕೆರೆಗೂ ರೋಗ ಬಂದಿತ್ತು. ಅಲ್ಲಿ ಬಹಳಷ್ಟು ಗಿಡ ಹೋದವು, ಆದರೆ ನಡುನಡುವೆ ಕೆಲವು ಏನೂ ಆಗದವರಂತೆ ಹೂ ಹಿಡಿದು ನಿಂತಿದ್ದವು. ಬೇರೆ ಗೆರೆಯವು. ಹಿರೇಕೆರೂರಿನ ಕೆರೆಗೆ ಹೋದಾಗ ಏರಿಯ ಮೇಲೆ ನಿಲ್ಲಲಾಗದ ವಾಸನೆ. ಒಂದು ಗಿಡಕ್ಕೆ ಆದದ್ದು ಅಷ್ಟಕ್ಕೂ ಆಗಿತ್ತು.

ಸವಣೂರಿನ ಕೆರೆಯಲ್ಲಿ ಉಳಿದ ಗಡ್ಡೆಗಳನ್ನು ತಂದು ಕೊಡುತ್ತೇನೆ, ಊರಿ ಎಂದು ಹಿರಿಯರನ್ನು ಕೇಳಿಕೊಂಡೆ. ಅವರು ಒಂದು ಕೋಲಿನಿಂದ ಕೊಳೆತ ಎಲೆಗಳನ್ನು ಸರಿಸುತ್ತಿದ್ದರು. ಗಂಗವ್ವನ ಮುಂದೆ ಪರವೂರಿನ ಗಡ್ಡೆ ಇಟ್ಟು ಯಾರು ಕೈಮುಗಿಯಬೇಕು ಎಂದು ಕೇಳಿದರು. ಬರಿದಾದರೂ ನಮ್ಮ ಕೆರೆ ನಮ್ಮದಾಗಿಯೇ ಇರಲಿ ಎಂದರು. ನಾನು ವಾದ ಮಾಡಲಿಲ್ಲ. ನನ್ನ ಮನೆಯಲ್ಲೇ ಗೆಲ್ಲದ ವಾದವನ್ನು ಪರವೂರಿನ ಏರಿಯ ಮೇಲೆ ಯಾವ ಮುಖದಿಂದ ಮಾಡಲಿ. ಮುಂದಿನ ಯುಗಾದಿಗೆ ಅಲ್ಲಿ ಕೀಳಲು ಏನೂ ಇರಲಿಲ್ಲ. ಆ ಕೆರೆಯಲ್ಲಿ ಈಗ ಆಪಿನ ಜೊಂಡು ಬೆಳೆದಿದೆ, ಎಮ್ಮೆಗಳು ಮೇಯುತ್ತವೆ.

ದೀಪಾವಳಿ ಕಳೆದ ಮೇಲೆ ನಮಗೆ ಗಂಡು ಕೂಸು ಹುಟ್ಟಿತು. ಗಟ್ಟಿಯಾಗಿ ಅತ್ತಿತು. ಅವ್ವ ಅದನ್ನು ಬಚ್ಚಲಿನಲ್ಲಿ ಚಾಚಿದ ಕಾಲುಗಳ ಮೇಲೆ ಮಲಗಿಸಿಕೊಂಡು, ಎಣ್ಣೆ ತಿಕ್ಕಿ, ಬಿಸಿನೀರು ಎರೆಯುತ್ತಿದ್ದಳು. ಹಾನಗಲ್ಲಿನ ಓಣಿಯಲ್ಲಿ ಅವಳ ಕಾಲ ಮೇಲೆ ಬೆಳೆಯದ ಕೂಸು ಕಡಿಮೆ, ಎರೆಯುವಾಗ ಪದ ಹಾಡುವ ರೂಢಿ ಅವಳಿಗೆ. ನಾನು ಬಚ್ಚಲಿನ ಬಾಗಿಲ ಹೊರಗೆ ಏನೋ ಹುಡುಕುವವನಂತೆ ನಿಂತಿರುತ್ತಿದ್ದೆ. ನೀರು ಬಿದ್ದಾಗ ಕೂಸು ಕಾಲು ಝಾಡಿಸುವ ಸಪ್ಪಳಕ್ಕೆ ಕಿವಿ ಕೊಟ್ಟಿರುತ್ತಿದ್ದೆ. ಮೊದಮೊದಲು ಕೇಳಿಸಿತು, ಅಥವಾ ಕೇಳಿಸಿತೆಂದು ನಾನು ಅಂದುಕೊಂಡೆ. ಸಂಕ್ರಾಂತಿಯ ಸುಮಾರಿಗೆ ಬಚ್ಚಲಿನಿಂದ ಅವ್ವನ ಪದ ಕೇಳಿಸುವುದು ನಿಂತಿತು. ನೀರಿನ ಸಪ್ಪಳವಷ್ಟೇ ಬರುತ್ತಿತ್ತು. ಹೊರಗೆ ತಂದ ಕೂಸನ್ನು ಹೆಂಡತಿ ಇಸಿದುಕೊಳ್ಳುವಾಗ ಮೊದಲು ಕುತ್ತಿಗೆಯ ಕೆಳಗೆ ಕೈ ಕೊಡುತ್ತಿದ್ದಳು. ಕೂಸು ಅವಳ ಮುಖ ನೋಡಿ ನಗುತ್ತಿತ್ತು.

ಹುಬ್ಬಳ್ಳಿಗೆ ಹೋದೆವು. ಅದೇ ಡಾಕ್ಟರು. ಈ ಸಲ ಅವರು ಏನೂ ಕೇಳಲಿಲ್ಲ.

ಯುಗಾದಿ ಮುಗಿದ ವಾರ ಅಕ್ಕ ಬಂದಳು, ತಮ್ಮನ ಲಗ್ನದ ದಿನ ಹಿಡಿಯಲು. ಕೂಸಿನ ಸಂಗತಿ ಅವಳಿಗೆ ತಿಳಿದಿತ್ತು, ಬಂದವಳೇ ಅತ್ತಳು. ಅತ್ತು ಮುಗಿದ ಮೇಲೆ, ಹಣೆಯಲ್ಲಿ ಬರೆದದ್ದಕ್ಕೆ ಯಾರೇನು ಮಾಡಲಾಗುತ್ತದೆ, ಮನೆಯಲ್ಲೊಂದು ಶುಭಕಾರ್ಯವಾದರೆ ದೋಷ ಕಳೆಯುತ್ತದೆ ಎಂದಳು. ಹೆಂಡತಿ ಕೂಸನ್ನು ತೊಡೆಯ ಮೇಲೆ ಹಾಕಿಕೊಂಡು ಕೂತಿದ್ದಳು.

"ಯವ್ವಾ, ತಂಗೀನ ಹೊರಗ ಕೊಡು."

ಅಕ್ಕ ಬೆಚ್ಚಿದಳು. ಹೊರಗಿನವರು ಹೇಗಿರುತ್ತಾರೋ ಏನೋ, ಕುಡುಕರಿರುತ್ತಾರೋ, ಹೊಡೆಯುವವರಿರುತ್ತಾರೋ ಎಂದಳು.

"ಹೆಂಗರ ಇರ್ಲಿ. ಬ್ಯಾರೆ ಇದ್ರ ಸಾಕು."

ಅಕ್ಕನ ಸಿಟ್ಟು ನನ್ನ ಕಡೆ ತಿರುಗಿತು. ಕೆರೆ ಕೆರೆ ತಿರುಗಿ ಗಡ್ಡೆಯ ಶಾಸ್ತ್ರವನ್ನೆಲ್ಲ ತಂದು ಮಗಳ ತಲೆಯಲ್ಲಿ ತುಂಬಿದ್ದೇನೆ, ಇಷ್ಟು ಓದಿ ತನ್ನ ಅಕ್ಕನನ್ನೇ ಹೊರಗಿನವಳನ್ನಾಗಿ ಮಾಡಿದ್ದೇನೆ ಎಂದಳು. ಅಷ್ಟರಲ್ಲಿ ಮೂಲೆಯಲ್ಲಿ ಕೂತಿದ್ದ ಅವ್ವ ತನ್ನ ಮೊಣಕಾಲಿನಿಂದ ಪಾದದ ತನಕ ಕೈಯಾಡಿಸಿಕೊಂಡು ಹೇಳಿದಳು.

"ಎರಡೂ ಕೂಸು ಈ ಕಾಲ ಮ್ಯಾಲೆ ಹಾಕ್ಕೊಂಡು ಎರದೇನಿ. ಮೂರನೇದಕ್ಕ ನನ್ನ ಕರೀಬ್ಯಾಡ್ರಿ."

ಅವ್ವನ ಮಾತಿಗೆ ಎದುರಾಡಿ ಅಕ್ಕನಿಗೆ ರೂಢಿಯಿರಲಿಲ್ಲ. ಸಂಜೆಯ ಬಸ್ಸಿಗೆ ಊಟ ಮಾಡದೆ ಹೊರಟಳು.

ಹುಡುಗಿಯನ್ನು ಶಿಗ್ಗಾವಿ ತಾಲೂಕಿನ ಒಂದು ಮನೆಗೆ ಕೊಟ್ಟರು, ಗೊಟಗೋಡಿಯ ಹತ್ತಿರ. ನಮಗೆ ಯಾವ ಕಡೆಯಿಂದಲೂ ಗುರುತಿಲ್ಲದ ಜನ. ದಿನ ನಿಶ್ಚಯವಾಗಿತ್ತು, ಹಂದರ ಹಾಕಲು ತಯಾರಿ ನಡೆದಿತ್ತು, ಅಷ್ಟರಲ್ಲಿ ಕೂಸಿಗೆ ಉಸಿರು ಸಾಲದಾಯಿತು. ಕಡೆಯ ತನಕ ಕಣ್ಣು ಮಾತ್ರ ನಮ್ಮನ್ನು ಹಿಂಬಾಲಿಸುತ್ತಿತ್ತು. ಮಣ್ಣು ಮಾಡಿ ಬಂದ ಮೇಲೆ ಅಕ್ಕ ಲಗ್ನ ಮುಂದೂಡುತ್ತೇನೆಂದು ಹೇಳಿಕಳಿಸಿದಳು. ಬೇಡ, ಮುಹೂರ್ತ ಸೂತಕ ಕಳೆದ ಮೇಲೇ ಬರುತ್ತದಲ್ಲ, ಅದೇ ದಿನ ಆಗಲಿ ಎಂದು ಹೆಂಡತಿ ಹೇಳಿಕಳಿಸಿದಳು. ತಾನು ಮಾತ್ರ ಹೋಗಲಿಲ್ಲ. ಅವ್ವ ಅವಳ ಜೊತೆ ಉಳಿದಳು. ನಾನು ಹೋದೆ.

ಹಂದರದಲ್ಲಿ ವರನ ಕಡೆಯ ಹೆಂಗಸೊಬ್ಬಳು ನೀವು ವಧುವಿಗೆ ಏನಾಗಬೇಕು ಎಂದು ಕೇಳಿದಳು. ಸೋದರಮಾವ ಎಂದೆ, ಅಕ್ಕನ ಗಂಡನೂ ಹೌದು ಎಂದೆ. ಅವಳಿಗೆ ಅದರಲ್ಲಿ ವಿಶೇಷವೇನೂ ಕಾಣಲಿಲ್ಲ, ಎಲೆ ಅಡಿಕೆ ಮುಂದಿಟ್ಟು ಹೋದಳು. ವರ ಅಕ್ಷತೆ ಬೀಳುವಾಗ ಎರಡು ಸಲ ಕೆಮ್ಮಿದ. ನನಗೆ ಊಟ ಸೇರಲಿಲ್ಲ.

ಮನೆಗೆ ಬಂದಾಗ ದೀಪ ಹಚ್ಚುವ ಹೊತ್ತು. ಹೆಂಡತಿ ಹೊಸ್ತಿಲಿನಲ್ಲಿ ಕೂತಿದ್ದಳು. ಲಗ್ನ ಹೇಗಾಯಿತೆಂದು ಕೇಳಲಿಲ್ಲ, ಅವಳ ಅವ್ವ ಅತ್ತಳೇ ಎಂದೂ ಕೇಳಲಿಲ್ಲ.

"ಮಂದಿ ಹೆಂಗದಾರ್ರಿ?"

ನಾನು ಚಪ್ಪಲಿ ಬಿಡುತ್ತ ಹೇಳಿದೆ. ಜೋರು ದನಿಯ ಜನ, ಬಡಿಸುವಾಗ ತಮ್ಮತಮ್ಮಲ್ಲೇ ಜಗಳಾಡಿದರು, ಅತ್ತೆಯಾಗುವವಳು ಕುಳ್ಳಗೆ ದಪ್ಪಗೆ, ಮಾವನಿಗೆ ಮೆಳ್ಳಗಣ್ಣು.

"ಒಬ್ಬರ ಮೂಗೂ ನಮ್ಮಂಗ ಇಲ್ಲ" ಎಂದೆ.

ಅವಳು ಎದ್ದು ಒಳಗೆ ಹೋಗಿ ನನಗೊಂದು, ತನಗೊಂದು ತಾಟು ಹಾಕಿದಳು.